ಗಲ್ಲಿಗೇರುವ ಹುಡುಗ ಮತ್ತು ಆಯಿಯ ಚಹಾ

ಶೇಡಬಾಳದ ನಮ್ಮ ಓಣಿಗೆ ಮೊದಲ ಟಿವಿ ಬಂದದ್ದು ನಮ್ಮ ಮನೆಗೆ. ನಾನಾಗ ಒಂಬತ್ತನೆಯ ಇಯತ್ತೆಯಲ್ಲಿದ್ದೆ. ಮಾಳಿಗೆಯ ಮೇಲಿನ ಆಂಟೆನಾವನ್ನು ಕೊಲ್ಲಾಪುರದ ಕಡೆ ತಿರುಗಿಸಿದರೆ ಮರಾಠಿ ಕಾರ್ಯಕ್ರಮ ಕಾಣುತ್ತಿತ್ತು. ಕನ್ನಡಾಭಿಮಾನದಿಂದ ಬೆಂಗಳೂರಿನ ಕಡೆ ತಿರುಗಿಸಿದರೆ ಪರದೆಯ ತುಂಬ ಬರೀ ಇರುವೆ. ಅಭಿಮಾನವನ್ನು ಬದಿಗಿಟ್ಟು ನಾವೆಲ್ಲ ಮರಾಠಿ ನೋಡುತ್ತಿದ್ದೆವು.

ಆ ವರ್ಷ ರವಿವಾರ ಬೆಳಿಗ್ಗೆ ಹತ್ತಕ್ಕೆ ಒಂದು ಧಾರಾವಾಹಿ ಬರುತ್ತಿತ್ತು. ಹದಿನೇಳು ವರ್ಷದ ಹುಡುಗನಿಗೆ, ಕೆಲಸಕ್ಕಿದ್ದ ಅಂಗಡಿಯ ಯಜಮಾನನನ್ನು ಕೊಂದನೆಂದು ಗಲ್ಲು ಶಿಕ್ಷೆಯಾಗಿದೆ. ವಾರಕ್ಕೊಂದು ಅರ್ಜಿ ಹೋಗುತ್ತದೆ, ವಾರಕ್ಕೊಂದು ಅರ್ಜಿ ತಿರುಗಿ ಬರುತ್ತದೆ. ಕೊಂದದ್ದು ಅವನೇ ಹೌದೋ ಅಲ್ಲವೋ ಎಂಬುದನ್ನು ಧಾರಾವಾಹಿಯವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಏಕೆಂದರೆ ನಮ್ಮ ಪಡಸಾಲೆಯಲ್ಲಿ ಕೂತ ಪ್ರತಿಯೊಬ್ಬರಿಗೂ ಅದು ಮೊದಲೇ ಗೊತ್ತಿತ್ತು.

ಎದುರುಮನೆಯ ನಿವೃತ್ತ ಹವಾಲ್ದಾರರು ಕುರ್ಚಿಯಲ್ಲಿ ಕೂರುತ್ತಿದ್ದರು. ಉಳಿದವರೆಲ್ಲ ಚಾಪೆಯ ಮೇಲೆ. "ಖೂನಿ ಅಂದ್ರ ಕಲಂ ಮುನ್ನೂರಾ ಎರಡು. ಗಲ್ಲಿಗೆ ಹಾಕಾಕ ಬೇಕ್ರಿ, ಕಾಯ್ದೆ ಅಂದ್ರ ಕಾಯ್ದೆ" ಎಂದು ಅವರು ಪ್ರತಿವಾರ ಶಿಕ್ಷೆಯನ್ನು ಇನ್ನೊಮ್ಮೆ ವಿಧಿಸುತ್ತಿದ್ದರು. ಹೌದೆಂದು ತಲೆಯಾಡಿಸುತ್ತಿದ್ದವರು ನಮ್ಮ ಜೈನ ಮಂದಿಯೇ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವವರು, ಹುಳ ಬಿದ್ದೀತೆಂದು ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವವರು. ಇರುವೆಯ ಮೇಲಿದ್ದ ಕರುಣೆ ಹುಡುಗನ ತನಕ ಬರುವಷ್ಟರಲ್ಲಿ ದಣಿದುಬಿಡುತ್ತಿತ್ತು.

ಐಗಳಿಯಿಂದ ಸೋದರಮಾವ ಬರುತ್ತಿದ್ದ. ಅಕ್ಕನನ್ನು ಮಾತಾಡಿಸಿ ಹೋಗಲು ಬಂದೆ ಎನ್ನುತ್ತಿದ್ದನಾದರೂ ಸರಿಯಾಗಿ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಅವನಿಗೆ ಅಕ್ಕನ ನೆನಪಾಗುತ್ತಿತ್ತು. ಹೊಲದ ಬದುವಿನ ಬಗ್ಗೆ ಅಥಣಿ ಕೋರ್ಟಿನಲ್ಲಿ ಹನ್ನೊಂದು ವರ್ಷದಿಂದ ಅವನದೊಂದು ಖಟ್ಲೆ ನಡೆದಿತ್ತು. ಟಿವಿಯ ವಕೀಲನನ್ನು ಕಂಡರೆ ಅವನಿಗಾಗದು. "ಏನ್ ವಕೀಲರಿ ಇವ. ನಮ್ಮ ಅಥಣಿ ವಕೀಲನ ಕೈಯಾಗ ಕೊಟ್ಟಿದ್ರ, ತಾರೀಕ ಮ್ಯಾಲ ತಾರೀಕ ತಗೊಂಡು ಆ ಹುಡುಗನ್ನ ಮುದುಕನ್ನ ಮಾಡಿ ಮನ್ಯಾಗ ಸಾಯಸ್ತಿದ್ದ." ನ್ಯಾಯದ ಬಗ್ಗೆ ನಾನು ಈವರೆಗೆ ಕೇಳಿದ ಮಾತುಗಳಲ್ಲಿ ಅತ್ಯಂತ ಮಾನವೀಯವಾದದ್ದು ಅದೇ.

ಇವರ ನಡುವೆ ಅಪ್ಪನ ತಾಯಿ, ನಮ್ಮ ಅಜ್ಜಿ. ನಾವು ಆಯಿ ಎನ್ನುತ್ತಿದ್ದೆವು. ಬಸದಿಗೆ ಹೋಗಿ ಬಂದು, ಕಪ್ಪಿನಿಂದ ಬಶಿಗೆ ಚಹಾ ಸುರುವಿಕೊಂಡು, ಸುರ್ರೆಂದು ಎಳೆಯುತ್ತ ನೋಡುವಳು. ಚಹಾ ಅವಳ ಏಕಮಾತ್ರ ಭೋಗ. ದಿನಕ್ಕೆ ಎರಡು ಸಲ, ಶುಂಠಿ ಹಾಕಿ, ಹಾಲು ಕಡಿಮೆ. ತಡವಾದರೆ ತಲೆನೋವೆಂದು ತಲೆಗೆ ಬಟ್ಟೆ ಬಿಗಿದುಕೊಂಡು ಮನೆಮಂದಿಯನ್ನೆಲ್ಲ ಸಾಲಾಗಿ ಬೈಯುವಳು.

ನಮ್ಮವರಲ್ಲಿ ನೇಮ ಹಿಡಿಯುವ ಪದ್ಧತಿ ಉಂಟು. ಏನಾದರೊಂದು ವಸ್ತುವನ್ನು ಇಂಥ ಕಾಲದ ತನಕ, ಇಂಥ ಕೆಲಸ ಆಗುವ ತನಕ ಮುಟ್ಟುವುದಿಲ್ಲ ಎನ್ನುವುದು. ಅಪ್ಪ ಜಾಣ. ನಮ್ಮ ಸಂತೆಗೆ ವರ್ಷಕ್ಕೊಮ್ಮೆಯೂ ಬಾರದ ಹಲಸಿನ ಹಣ್ಣನ್ನು ಬಿಟ್ಟು ಪುಣ್ಯ ಕಟ್ಟಿಕೊಂಡಿದ್ದ. ಆಯಿಗೆ ಅಂಥ ಜಾಣತನ ಗೊತ್ತಿರಲಿಲ್ಲ. ಕೊನೆಯ ಅರ್ಜಿಯೂ ತಿರುಗಿ ಬಂದ ರವಿವಾರ, ಹುಡುಗ ಕಂಬಿಯ ಹಿಂದಿನಿಂದ ತನ್ನ ತಾಯಿಯನ್ನು ಊಟವಾಯಿತೇ ಎಂದು ಕೇಳಿದಾಗ, ಆಯಿ ಬಶಿಯನ್ನು ಕೆಳಗಿಟ್ಟಳು.

"ಆ ಹುಡುಗ ಬಿಡುಗಡಿ ಆಗೂತನಕ ನಾ ಚಾ ಮುಟ್ಟಂಗಿಲ್ಲ."

"ಅವ್ವಾ, ಅದು ನಾಟಕ ಐತಿ" ಎಂದ ಅಪ್ಪ.

"ನಂದು ನೇಮ ಐತಿ" ಎಂದಳು ಆಯಿ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಗಲ್ಲು ಎಲ್ಲೋ, ನರಳಾಟ ನಮ್ಮ ಮನೆಯಲ್ಲಿ. ಮುಂದಿನ ಮೂರು ವಾರ ಆಯಿಯ ತಲೆಯ ಮೇಲಿನ ಬಟ್ಟೆ ಇಳಿಯಲಿಲ್ಲ. ಹುಡುಗ ಗಲ್ಲಿಗೇರಿದರೆ ನೇಮ ಜೀವನಪೂರ್ತಿ ಎಂಬುದು ಮೊದಲು ಹೊಳೆದದ್ದು ನನ್ನ ಅವ್ವನಿಗೆ. ಹೊಳೆದ ಕೂಡಲೇ ಅವಳು ಹುಡುಗನ ಪರವಾದಳು. ಅಪ್ಪನೂ ಆದ. ಆಯಿಯ ಬಾಯಿಗೆ ಸಿಕ್ಕು ದಿನಾ ಬೈಸಿಕೊಳ್ಳುತ್ತಿದ್ದ ಹವಾಲ್ದಾರರು, "ಹದಿನೇಳು ಅಂದ್ರ ಸಣ್ಣ ವಯಸ್ಸ ಬಿಡ್ರಿ, ಕಾಯ್ದೆದಾಗೂ ದಯಾ ಅನ್ನೂದು ಐತಿ" ಎನ್ನತೊಡಗಿದರು. ಮೂವತ್ತು ವರ್ಷದ ನೌಕರಿ ಕಲಿಸದೇ ಇದ್ದ ದಯೆಯನ್ನು ಮೂರು ವಾರದ ಬೈಗುಳ ಕಲಿಸಿತು.

ಕೊನೆಯ ಕಂತಿನ ದಿನ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವ್ವ ಒಲೆಯ ಮೇಲೆ ಚಹಾದ ನೀರನ್ನೂ ಇಟ್ಟಿದ್ದಳು. ಪರದೆಯಲ್ಲಿ ಬೆಳಗಾಗುತ್ತಿತ್ತು, ಹುಡುಗನ ಕೋಣೆಯ ಬೀಗ ತೆರೆದರು. ಕೈಗೆ ಬಂದ ತುತ್ತು ಬಾಯಿಗೆ ಬರದಂತೆ ಅಷ್ಟರಲ್ಲೇ ಕರೆಂಟು ಹೋಯಿತು. ಸಂಜೆಯ ತನಕ ಬರಲಿಲ್ಲ.

ಪಕ್ಕದ ಕಾಗವಾಡದ ಲೈನು ಬೇರೆ, ಅಲ್ಲಿ ಕರೆಂಟು ಇದ್ದಿರಬೇಕೆಂದು ಅಪ್ಪ ನನ್ನನ್ನು ಸೈಕಲ್ ಮೇಲೆ ಅಟ್ಟಿದ. ಅಲ್ಲಿ ಚಹಾದಂಗಡಿಯವ, "ಬಿಟ್ರು ನೋಡ, ಅವ್ವನ್ನ ತೆಕ್ಕಿಬಡದು ಅತ್ತ" ಎಂದ. ಕ್ಷೌರದಂಗಡಿಯವ, "ಹಾಕಿದ್ರು, ಕುಣಕಿ ಹರೀತು, ಮತ್ತ ಹಾಕಿದ್ರು" ಎಂದ. ಯಾರ ಮನೆಯಲ್ಲಿ ನೋಡಿದಿರಿ ಎಂದು ಕೇಳಿದರೆ ಇಬ್ಬರೂ ನೋಡಿರಲಿಲ್ಲ. ಕೊನೆಗೆ ಮರಾಠಿ ಶಾಲೆಯ ಮಾಸ್ತರೊಬ್ಬರು ಸಿಕ್ಕರು. ಅವರು ನೋಡಿದ್ದರು. "ಗಲ್ಲಾತಪ್ಪಾ. ತೋರಸಲಿಲ್ಲ. ತಾಯಿ ಜೇಲಿನ ಬಾಗಲದಾಗ ಬುತ್ತಿ ಹಿಡಕೊಂಡು ನಿಂತಿದ್ಲು, ಪೊಲೀಸ ಬಂದು ಬುತ್ತಿ ಬ್ಯಾಡ ಅಂದ. ಅಷ್ಟ."

ತಿರುಗಿ ಬಂದಾಗ ಅಪ್ಪ, ಅವ್ವ, ಹವಾಲ್ದಾರರು ಬಾಗಿಲಲ್ಲೇ ಹಿಡಿದರು. ವಿಷಯ ಕೇಳಿ ಮೂವರ ಮುಖವೂ ಇಳಿಯಿತು. "ಬಿಟ್ರಂತ ಹೇಳಪಾ" ಎಂದರು ಹವಾಲ್ದಾರರು. ಸುಳ್ಳಾಡಬಾರದೆಂದು ನನಗೆ ಬೆತ್ತದಿಂದ ಕಲಿಸಿದ ಅಪ್ಪ, "ಹೇಳೋ, ಪಾಪ ನನಗಿರಲಿ" ಎಂದ.

ನಾನು ಹೇಳಲಿಲ್ಲ. ಸತ್ಯದ ಮೇಲಿನ ಭಾಷಣಕ್ಕೆ ಆ ವರ್ಷ ಶಾಲೆಯಲ್ಲಿ ನನಗೆ ಸ್ಟೀಲಿನ ಲೋಟ ಬಹುಮಾನವಾಗಿ ಬಂದಿತ್ತು, ಅದರ ಸೊಕ್ಕು. ಇನ್ನೊಂದು ಕಾರಣವನ್ನೂ ಒಪ್ಪಿಕೊಳ್ಳಬೇಕು: ಆಯಿ ಏನು ಮಾಡುತ್ತಾಳೋ ನೋಡಬೇಕೆಂಬ ಕೆಟ್ಟ ಕುತೂಹಲ. ಒಳಗೆ ಹೋಗಿ ಮಾಸ್ತರು ಹೇಳಿದ್ದನ್ನು ಬುತ್ತಿಯ ಸಮೇತ ಹೇಳಿದೆ. ಆಯಿ ಅಳಲಿಲ್ಲ, ಬೈಯಲಿಲ್ಲ. ತನ್ನ ಕಪ್ಪನ್ನೂ ಬಶಿಯನ್ನೂ ತಾನೇ ತೊಳೆದು, ಒರೆಸಿ, ಗೋಡೆಯ ಮಾಡದಲ್ಲಿ ಬೋರಲು ಹಾಕಿದಳು.

ಎರಡು ಮೂರು ವರ್ಷ ಹೋದವು. ಆಯಿಯ ತಲೆನೋವು ನಿಂತಿತು, ಬೈಗುಳವೂ ಕಡಿಮೆಯಾಯಿತು. ಬೈಗುಳವಿಲ್ಲದ ಮನೆಯನ್ನು ನಾವು ಇಷ್ಟಪಡಲಿಲ್ಲ. ಮಧ್ಯಾಹ್ನ ಮೂರಕ್ಕೆ ಎಲ್ಲರೂ ಚಹಾ ಕುಡಿಯುವಾಗ ಅವಳು ಎದ್ದು ಹಿತ್ತಲಿಗೆ ಹೋಗುತ್ತಿದ್ದಳು.

ಒಂದು ದಿನ ಟಿವಿಯಲ್ಲಿ ಬಿಸ್ಕೀಟಿನ ಜಾಹೀರಾತು ಬಂತು. ಅದರಲ್ಲಿ ಅದೇ ಹುಡುಗ, ಮೀಸೆ ಬಂದಿದೆ, ಕೆನ್ನೆ ತುಂಬಿದೆ. ಅಪ್ಪ ಕುಣಿಯುವುದೊಂದು ಬಾಕಿ. "ಅವ್ವಾ, ಲಗೂ ಬಾ. ಹುಡುಗ ಬಿಡುಗಡಿ ಆಗ್ಯಾನ ನೋಡು. ಬಿಸ್ಕೀಟ ತಿನ್ನಾಕತ್ತಾನ." ಅವ್ವ ಆಗಲೇ ಶುಂಠಿ ಜಜ್ಜುತ್ತಿದ್ದಳು. ಆ ಜಾಹೀರಾತು ಗಳಿಗೆಗೊಮ್ಮೆ ಬರುತ್ತಿತ್ತು, ಆಯಿ ಬಂದು ಕೂತು ಎರಡನೆಯ ಸಲದ್ದನ್ನು ಪೂರಾ ನೋಡಿದಳು. ಅಷ್ಟರಲ್ಲಿ ನಾನು ಅವಳ ಕಪ್ಪಿನಲ್ಲಿ ಚಹಾ ತಂದು, ಬಶಿಗೆ ಸುರುವಿ ಅವಳ ಮುಂದೆ ಹಿಡಿದೆ. ಅಂದು ಹೇಳಿದ ಸತ್ಯದ ಭಾರ ಇಳಿದೀತೆಂಬ ಆಸೆ ನನಗೆ.

"ಚಂದ ಆಗ್ಯಾನ" ಎಂದಳು. ಆಮೇಲೆ ಬಶಿಯನ್ನು ಮೆಲ್ಲಗೆ ನನ್ನ ಕಡೆಗೇ ಸರಿಸಿದಳು. "ತಮ್ಮಾ, ಇವ ಸೋಂಗ ಹಾಕಿದಾವ, ನಾಟಕದಾವ. ಅದು ನನಗ ಅವತ್ತೂ ಗೊತ್ತಿತ್ತು. ಸೋಂಗ ಕಳದು ಮನಿಗಿ ಹೋದ, ಅವನವ್ವ ಅವಗ ಊಟಕ್ಕ ನೀಡಿದ್ಲು. ಫಾಶಿ ಆದ ಹುಡುಗಗ ಯಾರ ಅದಾರ? ಅವನ ಸಲುವಾಗಿ ಯಾರರೆ ಏನರೆ ಬಿಡಬೇಕಲ್ಲೋ."

ಇಷ್ಟು ವರ್ಷ ನಾವೆಲ್ಲ ಅವಳನ್ನು ನಾಟಕವನ್ನು ನಿಜವೆಂದು ನಂಬಿದ ಮುದುಕಿ ಎಂದುಕೊಂಡಿದ್ದೆವು. ನನಗೆ ವಿಪರೀತ ನಾಚಿಕೆಯಾಯಿತು. ಅವಳು ಎದ್ದು ಹಿತ್ತಲಿಗೆ ಹೋದಳು. ಆ ಚಹಾವನ್ನು ನಾನೇ ಕುಡಿದೆ, ಚೆಲ್ಲಿದ್ದರೆ ಆಯಿ ಬೈಯುತ್ತಿದ್ದಳು.