ಕುಂಟುನೇರಳೆಗೆ ಹೋದ ಜೇನು

ಬಿ.ಎಸ್ಸಿ. ಪರೀಕ್ಷೆ ಮುಗಿಸಿ ನಾನು ಊರಿಗೆ ಬಂದಾಗ ಅಂಗಳದಾಚೆಯ ಕುಂಟುನೇರಳೆ ಮರ ಹೂಬಿಟ್ಟಿತ್ತು. ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲಿಗ ನಾನು. ಆ ಹೆಮ್ಮೆ ಈಗಲೂ ಇದೆ, ಸುಳ್ಳು ಹೇಳುವುದಿಲ್ಲ.

ಶರಾವತಿ ಕಣಿವೆಯಲ್ಲಿ ಅದು ನಮ್ಮ ಕೊನೆಯ ಬೇಸಿಗೆ. ಅಣೆಕಟ್ಟೆಯ ನೀರು ಏರುವ ಮೊದಲು ಹೊಸನಗರದ ಕಡೆ ಸರ್ಕಾರ ಕೊಟ್ಟ ಜಾಗಕ್ಕೆ ಹೋಗಬೇಕಿತ್ತು. ಗದ್ದೆ ಒಡೆಯರದು, ಮನೆಯಡಿಯ ನೆಲವೂ ಅವರದೇ. ಅಪ್ಪಯ್ಯನದು ಅಂತ ಇದ್ದದ್ದು ಸೂರಿನಡಿಯ ಮಡಕೆಯಲ್ಲಿ ಸಾಕಿದ್ದ ಒಂದು ಹಿಂಡು ತುಡುವೆ ಜೇನು. ಹುಳದ ಕಾಲಿಗಂಟಿದ ಹೂವಿನ ಪುಡಿ ನೋಡಿಯೇ ಅದು ಕವಳಿ ಹೂವಿಗೆ ಹೋಗಿತ್ತೋ ಮತ್ತಿ ಮರಕ್ಕೆ ಹೋಗಿತ್ತೋ ಹೇಳುತ್ತಿದ್ದ. ಹೆಸರು ಗೊತ್ತಿಲ್ಲದ ಬೇಲಿಹೂವಿಗೆ ತಾನೇ ಒಂದು ಹೆಸರಿಡುತ್ತಿದ್ದ.

ಸಾಮಾನಿನ ಲಾರಿ ಬಂದದ್ದು ಮಧ್ಯಾಹ್ನ.

"ಜೇನು ಈಗ ಎತ್ತದು ಬ್ಯಾಡ. ಹೊತ್ತು ಮುಳುಗ್ಲಿ, ಹೂವಿಗೆ ಹೋದವು ಬರ್ಲಿ," ಅಂದ ಅಪ್ಪಯ್ಯ.

ಡ್ರೈವರ್ ನಕ್ಕ. "ಹುಳ ಬರದು ಕಾಯ್ತಾ ಕೂತ್ರೆ ನಾ ಮನೆ ಸೇರದು ಯಾವಾಗ ಯಜಮಾನ್ರೇ? ಅವಕ್ಕೂ ಟಿಕೇಟು ಮಾಡಿಸ್ತೀರಾ?"

ನನಗೆ ಅವನೆದುರು ನಾಚಿಕೆಯಾಯಿತು. "ರಾಣಿ ಒಳಗಿದ್ರೆ ಸಾಕು ಅಪ್ಪಯ್ಯ. ಉಳಿದವು ವಾಸನೆ ಹಿಡ್ದು ಬರ್ತಾವೆ. ಪುಸ್ತಕದಲ್ಲಿ ಐತೆ," ಅಂದೆ.

ಪುಸ್ತಕದಲ್ಲಿ ಇದ್ದದ್ದು ರಾಣಿಯ ವಿಷಯವಷ್ಟೇ. ಉಳಿದದ್ದು ನಾನು ಸೇರಿಸಿದ್ದು.

ಅಪ್ಪಯ್ಯ ಕುಂಟುನೇರಳೆಯ ಕಡೆ ನೋಡಿದ. "ಓದಿದವ ನೀನು," ಎಂದು ತಾನೇ ಮಡಕೆಯ ಬಾಯಿಗೆ ಬಟ್ಟೆ ಕಟ್ಟಿದ.

ಮೂರನೇ ದಿನ, ಬಿಟ್ಟುಬಂದಿದ್ದ ಹಂಚು ತರಲು ನಾನು ಹಳೆ ಮನೆಗೆ ಹೋದೆ. ಮಡಕೆ ಇದ್ದ ಜಾಗದಲ್ಲಿ ಬರಿಗೋಡೆಗೆ ಒಂದು ಹಿಡಿಯಷ್ಟು ಜೇನು ಕಚ್ಚಿಕೊಂಡಿತ್ತು. ಕೆಳಗೆ ಉದುರಿದ್ದವು ಬಹಳ. ಸತ್ತವುಗಳ ಕಾಲಲ್ಲಿ ಪುಡಿ ಹಾಗೇ ಇತ್ತು. ಅಂಗಳದಾಚೆ ಕುಂಟುನೇರಳೆ ಬೆಳ್ಳಗೆ ತುಂಬಿ ನಿಂತಿತ್ತು, ಒಂದು ಸದ್ದಿಲ್ಲ.

"ಅಲ್ಲಿಗೇ ತಿರುಗಿ ಬಂದಿದ್ವಾ?" ಎಂದು ಕೇಳಿದ ಅಪ್ಪಯ್ಯ, ನಾನು ಹಂಚು ಇಳಿಸುವ ಮೊದಲೇ.

"ಹೂಂ."

ಅಪ್ಪಯ್ಯ ಹಂಚು ಇಳಿಸತೊಡಗಿದ. ನಾವು ತಂದ ಮಡಕೆಯಲ್ಲಿ ಉಳಿದದ್ದು ಎಳೆಹುಳಗಳು, ಅವಕ್ಕೆ ಮೇವು ತರುವವರಿಲ್ಲ. ಬೆಲ್ಲದ ನೀರಿಟ್ಟರೆ ಇರುವೆ ಮುತ್ತಿದವು. ಹದಿನೈದು ದಿನದಲ್ಲಿ ಎಲ್ಲ ಮುಗಿಯಿತು.

ಮರುವರ್ಷ ಕವಳಿ ಹೂವಾದಾಗ ಹೊಸ ಮನೆಯ ಬೇಲಿಯಲ್ಲಿ ಒಂದು ಹಿಂಡು ಬಂದು ಕೂತಿತು. ನಾನು ಓಡಿಹೋಗಿ ಕೋಣಂದೂರು ಸಂತೆಯಿಂದ ಒಳ್ಳೆಯ ಮಡಕೆ ತಂದೆ. ಅಪ್ಪಯ್ಯ ಅದನ್ನು ಬೆರಳಲ್ಲಿ ತಟ್ಟಿ ನೋಡಿದ.

"ಗಟ್ಟಿ ಐತೆ. ನಿನ್ನವ್ವಂಗೆ ಕೊಡು, ನೀರಿಗೆ ಆಗ್ತದೆ."