ನಾಣ್ಯದಲ್ಲಿ ನಿಂತ ಮುಖ

ಮೂಡಲಪಾಳ್ಯದ ಈ ಬಾಡಿಗೆ ಮನೆಯಲ್ಲಿ ಇನ್ನೂ ಯಾರೂ ಎದ್ದಿಲ್ಲ. ದಾನಮ್ಮ ಮಾತ್ರ ಅಡುಗೆಮನೆಯ ಮೂಲೆಯಲ್ಲಿ ಕೂತು, ಮೂತಿ ಕೆಳಗೆ ಮಾಡಿ ಕಟ್ಟಿದ ಪುಟ್ಟ ಕ್ಯಾಮೆರಾದಡಿ ರಬ್ಬರಿನ ತುಂಡೊಂದರ ಮೇಲೆ ನಾಣ್ಯ ಇಡುತ್ತಿದ್ದಾರೆ. ಎರಡೂ ಬದಿಗೆ ಮಕ್ಕಳು ಓದುವಾಗ ಹಚ್ಚುವ ಟೇಬಲ್ ಲ್ಯಾಂಪು, ಅವುಗಳ ಮುಂದೆ ಬಟರ್ ಪೇಪರ್. ಇಷ್ಟೇ ಅವರ ಸ್ಟುಡಿಯೋ.

"ಬಸ್ ಶುರು ಆದ್ವು ಅಂದ್ರ ಮನಿ ನಡಗತೈತ್ರಿ. ಫೋಟೋ ಮಸುಕ ಬರತಾವ," ಎಂದು, ಅವರ ಕೆಲಸದ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ. ಆಮೇಲೆ ಉಸಿರು ಬಿಗಿಹಿಡಿದು ಗುಂಡಿ ಒತ್ತುತ್ತಾರೆ.

ಹಳೆಯ ನಾಣ್ಯ ಕೊಳ್ಳುವವರು ಈಗ ಮೊದಲು ನೋಡುವುದು ಮೊಬೈಲಿನಲ್ಲಿ. ಚಿತ್ರ ಚೆನ್ನಾಗಿದ್ದರೆ ಫೋನು ಬರುತ್ತದೆ. ಚಿತ್ರ ತೆಗೆದವರು ಯಾರೆಂದು ಕೇಳುವ ಪುಣ್ಯಾತ್ಮ ಮಾತ್ರ ಇನ್ನೂ ಹುಟ್ಟಿಲ್ಲ. ಇಳಕಲ್ ಕಡೆಯಿಂದ ಬಂದ ದಾನಮ್ಮ ಮೊದಲು ಗಾರ್ಮೆಂಟ್ಸ್‌ನಲ್ಲಿ ಹೊಲಿಯುತ್ತಿದ್ದರು. ಬೆನ್ನು ಕೈಕೊಟ್ಟ ಮೇಲೆ ಹಿಡಿದದ್ದು ಈ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ. ಗೋವಿಂದರಾಜನಗರದ ವ್ಯಾಪಾರಿ ನಂಜುಂಡಪ್ಪ ದಿನಕ್ಕೆ ಮೂವತ್ತರಷ್ಟು ನಾಣ್ಯ ಕಳಿಸುತ್ತಾರೆ.

"ಬೆಳ್ಳಿ ಅಂದ್ರ ಕನ್ನಡಿನ ರೀ. ಮೊದಮೊದ್ಲ ಎಲ್ಲಾ ರಾಜರ ಮುಖದಾಗೂ ನನ್ನ ಮೂಗ ಬರತಿತ್ತು!" ಎಂದು ನಗುತ್ತಾರೆ. ಅದಕ್ಕೇ ಈಗ ಕ್ಯಾಮೆರಾ ಮುಂದೆ ಕಪ್ಪು ಬಟ್ಟೆ ಕಟ್ಟಿದ್ದಾರೆ. ಲೆನ್ಸಿಗೆ ಮಾತ್ರ ಒಂದು ತೂತು.

ಆದರೆ ಇವತ್ತಿನ ಬೆಳ್ಳಿ ರೂಪಾಯಿಗೆ ಬಟ್ಟೆ ಕಟ್ಟಿದರೂ ಒಂದೇ, ಬಿಟ್ಟರೂ ಒಂದೇ. ಅದರ ಅಂಚಿನಲ್ಲಿ ಕೊಂಡಿ ಬೆಸೆದಿದ್ದ ಗುರುತಿದೆ. ದಾನಮ್ಮನ ಅವ್ವ ಅದನ್ನು ದಾರಕ್ಕೆ ಪೋಣಿಸಿ ಕೊರಳಲ್ಲಿ ಹಾಕಿಕೊಂಡಿದ್ದರು. ಹೋದ ವರ್ಷ ಹೇರೋಹಳ್ಳಿಯಲ್ಲಿ ಅವರನ್ನು ಮಣ್ಣು ಮಾಡುವಾಗ ಕೊಂಡಿ ಕಿತ್ತು ಹಣೆಗೆ ಇಟ್ಟವರು ಮಗಳೇ. ಹಣೆಯ ನಾಣ್ಯ ಗುಂಡಿ ತೋಡಿದವರ ಹಕ್ಕು. ಅಲ್ಲಿಂದ ಕೈ ಬದಲಾಗುತ್ತಾ ಅದು ನಂಜುಂಡಪ್ಪನವರ ನಾಣ್ಯಗಳ ಜೊತೆ ಇಲ್ಲಿಗೇ ಬಂದಿದೆ.

ಹಿಂದಿನ ಮೂರು ಸಲದ ಚಿತ್ರಗಳನ್ನು ತೋರಿಸುತ್ತಾರೆ. ಮೂರರಲ್ಲೂ ರಾಜನ ಮುಖದ ಮೇಲೆ, ತಲೆ ತುಂಬ ಸೆರಗು ಹೊದ್ದ ಹೆಂಗಸೊಬ್ಬಳ ನೆರಳು. ದಾನಮ್ಮ ತೊಡುವುದು ಚೂಡಿದಾರ. ದೆವ್ವ ಭೂತದ ಕಥೆಗಳಿಗೆ ನಗುವವನು ನಾನು. ಆದರೂ ಮೂರನ್ನೂ ಮತ್ತೆ ಮೊದಲಿನಿಂದ ನೋಡುತ್ತೇನೆ.

ನಂಜುಂಡಪ್ಪನವರಿಗೆ ಇದಾವುದೂ ಗೊತ್ತಿಲ್ಲ. ನಿನ್ನೆ ಫೋನಿನಲ್ಲಿ ಖಡಕ್ಕಾಗಿ ಹೇಳಿದ್ದಾರಂತೆ: "ನೋಡಮ್ಮ, ಬೆಸುಗೆ ಗುರುತಿರೋ ನಾಣ್ಯ ಕೇಳೋರೇ ಕಮ್ಮಿ. ಒಬ್ರು ಕೇಳ್ತಾ ಇದಾರೆ. ನಾಳೆನೂ ಫೋಟೋ ಕ್ಲೀನಾಗಿ ಬರ್ಲಿಲ್ಲ ಅಂದ್ರೆ ಬೆಳ್ಳಿ ಅಂಗಡಿಗೆ ಕೊಟ್ಬಿಡ್ತೀನಿ, ಕರಗಿಸ್ಲಿ."

ನೀವೇ ಇಟ್ಟುಕೊಳ್ಳಬಾರದೇ ಎಂದು ಕೇಳುತ್ತೇನೆ. ದಾನಮ್ಮ ನನ್ನನ್ನು ಗದರುವ ಹಾಗೆ ನೋಡುತ್ತಾರೆ. "ಸತ್ತವ್ರ ಹಣಿಗೆ ಇಟ್ಟಿದ್ದು ರೀ. ಕೊಟ್ಟಿದ್ದನ್ನ ವಾಪಸ್ ಹೆಂಗ ತಗೋಳೂದು? ಯಾರರ ಒಯ್ಯಲಿ. ಬೆಂಕಿಗೆ ಮಾತ್ರ ಹೋಗಬಾರ್ದು."

ಬಟ್ಟೆಯನ್ನು ಮತ್ತೆ ಬಿಗಿಯುತ್ತಾರೆ. ದೀಪ ಸರಿಸುತ್ತಾರೆ. ಕ್ಯಾಮೆರಾದ ಪರದೆಯಲ್ಲಿ ಸೆರಗಿನ ಅಂಚು ಅದಾಗಲೇ ಮೂಡಿದೆ. ಹೊರಗೆ ಮೊದಲ ಬಸ್ಸಿನ ಸದ್ದು ದೂರದಲ್ಲಿ ಕೇಳುತ್ತಿದೆ. ದಾನಮ್ಮ ನಾಣ್ಯದ ಹತ್ತಿರ ಬಾಗಿ, ಫೋಟೋಗೆ ಅಡ್ಡ ನಿಂತವರಿಗೆ ಹೇಳುವ ಹಾಗೆ ಮೆಲ್ಲಗೆ ಹೇಳುತ್ತಾರೆ:

"ಯವ್ವಾ, ಚೂರು ಸರಿ."

ಕ್ಲಿಕ್.

ಚಿತ್ರ ಕನ್ನಡಿಯಷ್ಟು ಸ್ವಚ್ಛವಾಗಿ ಬಂದಿದೆ. ರಾಜನ ಗಡ್ಡದ ಎಳೆ ಎಳೆಯೂ ಕಾಣುತ್ತಿದೆ, ಬೇರೇನೂ ಇಲ್ಲ. ನಾನು ಭೇಷ್ ಎನ್ನುತ್ತೇನೆ. ದಾನಮ್ಮ ಇನ್ನೊಂದು ಫೋಟೋ ತೆಗೆಯುತ್ತಾರೆ. ಕಪ್ಪು ಬಟ್ಟೆ ಕಿತ್ತು ಮತ್ತೊಂದು. ಅದರಲ್ಲಿ ಇರುವುದು ಅವರದೇ ಮೂಗು.

ಲ್ಯಾಂಪು ಆರಿಸಿ, ನಾಣ್ಯವನ್ನು ರಬ್ಬರಿನ ಮೇಲಿಂದ ಎತ್ತಿಕೊಳ್ಳುತ್ತಾರೆ.

"ಹೇಳಿದ್ರ ಕೇಳ್ತಾಳಂತ ಗೊತ್ತಿದ್ರ," ಎನ್ನುತ್ತಾರೆ, "ನಾ ಹೇಳ್ತಿದ್ದಿಲ್ರಿ."