ಮೊದಲು ಏಳಬೇಕಾದವನು

ತೆರಿಯೋಕಿಯ ಗಾಡಿಯವನು ತಹ್ವೋ ಬಲು ಮಿತಭಾಷಿ. ಅವನಿಗಿಂತ ಅವನ ಕುದುರೆಯೇ ವಾಚಾಳಿ ಎಂದು ಊರವರು ಆಡಿಕೊಳ್ಳುತ್ತಿದ್ದರು. ಆಗಿನ್ನೂ ಝಾರ್ ದೊರೆಯ ಕಾಲ. ಬೇಸಿಗೆ ಬಂತೆಂದರೆ ಪೀಟರ್ಸ್‌ಬರ್ಗಿನ ರಷ್ಯನ್ನರು ಈ ಫಿನ್ನಿಷ್ ಕಡಲತೀರದಲ್ಲಿ ಬಂದು ಬಿಡಾರ ಹೂಡುತ್ತಿದ್ದರು. ಅವರಿಗೆ ಹಾಲು, ಸೌದೆ ಹಾಕುತ್ತಾ ತಹ್ವೋ ರಷ್ಯನ್ ಭಾಷೆ ಕಲಿತ. ಮಾತಾಡುವುದನ್ನು ಮಾತ್ರ ಕಲಿಯಲಿಲ್ಲ.

ಗಡ್ಡ ನೆರೆತ ಮೇಲೆ ಅವನಿಗೆ ಮಾತಿನ ಅಗತ್ಯ ಬಿತ್ತು. ಪೀಟರ್ಸ್‌ಬರ್ಗಿನ ವರ್ತಕರೊಬ್ಬರ ವಿಧವೆ ಯೆವ್ಪ್ರಾಕ್ಸಿಯಾ ಅಮ್ಮನವರ ಅಡುಗೆಯವಳು ಗ್ಲಫೀರಾ ಅವನ ಮನಸ್ಸಿಗೆ ಹಿಡಿಸಿದ್ದಳು. 'ನನ್ನ ಜೊತೆ ಇಲ್ಲೇ ಇದ್ದುಬಿಡು' ಎನ್ನಬೇಕು, ಅಷ್ಟೇ. ಬೇಸಿಗೆಗಳು ಕಳೆದವು, ಬಾಯಿ ಬರಲಿಲ್ಲ. ಈ ಸಲ ಅಮ್ಮನವರು ಮನೆಯನ್ನೇ ಮಾರಿ ಹೊರಟಿದ್ದರು. ಇವತ್ತು ಹೇಳದಿದ್ದರೆ ಮುಗಿಯಿತು.

ಯಾವಾಗಲೂ ಗಾಡಿಯ ಬಳಿಯೇ ಕಾಯುತ್ತಿದ್ದವನು ಅಂದು ಪೆಟ್ಟಿಗೆ ಹೊರಲು ಒಳಗೆ ಬಂದ. ಸದಾ ಗಲಗಲ ಎನ್ನುವ ಮನೆ ತೆಪ್ಪಗಿತ್ತು. ಅಮ್ಮನವರು ಕುರ್ಚಿಯಲ್ಲಿ, ಗ್ಲಫೀರಾ ಪೆಟ್ಟಿಗೆಯ ಮೇಲೆ, ಇಬ್ಬರೂ ಸುಮ್ಮನೆ ಕೂತಿದ್ದರು. ಪ್ರಯಾಣಕ್ಕೆ ಮುಂಚೆ ಒಂದು ಗಳಿಗೆ ಹೀಗೆ ಕೂರುವುದು ರಷ್ಯನ್ನರ ಪದ್ಧತಿ ಎಂದು ತಹ್ವೋಗೆ ಗೊತ್ತಿರಲಿಲ್ಲ. ಕಡೆಗೂ ಇವರಿಗೆ ನಮ್ಮ ಕಡೆಯವರ ಹಾಗೆ ಸುಮ್ಮನೆ ಕೂರುವ ಮರ್ಯಾದೆ ಬಂತಲ್ಲ ಎಂದು ಹಿಗ್ಗಿ, ಬಾಗಿಲ ಪಕ್ಕದ ಬೆಂಚಿನಲ್ಲಿ ತಾನೂ ಕೂತ.

ಗಡಿಯಾರ ಟಿಕ್‌ಟಿಕ್ ಎಂದಿತು. ಅಮ್ಮನವರು ಅವನನ್ನು ನೋಡಿದರು. ಅವನು ನೆಲ ನೋಡಿದ. ದೂರದಲ್ಲಿ ರೈಲು ಕೂಗಿತು, ಹೋಯಿತು.

"ಏಳಯ್ಯಾ ಮಹಾರಾಯ!" ಅಮ್ಮನವರು ಸಿಡಿದರು. "ಹಿರಿಯರು ಮೊದಲು ಏಳದೆ ನಾವು ಹೆಂಗೆ ಏಳೋದು?"

"ಹಿರಿಯರು ಯಾರು?"

"ನೀನೇ! ನಾನಿನ್ನೂ ನಲವತ್ತರವಳು."

ಗ್ಲಫೀರಾಗೆ ಕೆಮ್ಮು ಬಂತು.

"ಕಾಫಿ ಕೊಡದೆ ನಾನು ಹೆಂಗೆ ಏಳಲಿ ಅಮ್ಮಾವ್ರೇ?" ಎಂದ ತಹ್ವೋ. "ನಮ್ಮಲ್ಲಿ ಹಂಗೆ ಎದ್ದು ಹೋದ್ರೆ ಮನೆಯವರಿಗೆ ಅವಮಾನ."

ಮುಂದಿನ ರೈಲು ಸಂಜೆಗೆ. ಗ್ಲಫೀರಾ ಕಟ್ಟಿಟ್ಟ ಪಾತ್ರೆ ಬಿಚ್ಚಿ ಕಾಫಿ ಮಾಡಿದಳು. ಬಟ್ಟಲು ಕೈಗೆ ಬಂದಾಗ ತಹ್ವೋ ಧೈರ್ಯ ಮಾಡಿ ಹೇಳಿದ: "ನಮ್ಮನೇಲೂ ಒಲೆ ಇದೆ."

"ಹೊಗೆ ಬರತ್ತಾ?"

"ಸ್ವಲ್ಪ."

ಅವಳು ಪಾತ್ರೆ ತೊಳೆಯಲು ಹೋದಳು.

ಸಂಜೆ ಮತ್ತೆ ಮೂವರೂ ಕೂತರು. ಮೊದಲು ಏಳಬೇಕಾದವನು ತಾನೇ. ಎದ್ದರೆ ಅವಳು ಹೊರಡುತ್ತಾಳೆ. ತಹ್ವೋ ಬೆಂಚು ಬಿಟ್ಟು ಏಳಲಿಲ್ಲ.

"ಏಳು ಮಾರಾಯ," ಎಂದಳು ಗ್ಲಫೀರಾ, ಮೆಲ್ಲಗೆ.

ಅವನು ಎದ್ದ. ಅಮ್ಮನವರೂ ಎದ್ದರು. ಗ್ಲಫೀರಾ ಪೆಟ್ಟಿಗೆ ಬಿಟ್ಟು ಕದಲಲಿಲ್ಲ.

"ಏಳೇ, ರೈಲು ತಪ್ಪತ್ತೆ!"

"ನೀವು ಹೋಗ್ಬನ್ನಿ ಅಮ್ಮಾವ್ರೇ. ನಾನು ಆ ಒಲೆ ನೋಡ್ಬೇಕು."